ಹೊರದೇಶದ ಮಾರುಕಟ್ಟೆಗೆ ಯಾವ ದಾರಿ: ರಫ್ತು, ಪಾಲುದಾರಿಕೆ, ಸ್ವಂತ ಕಾರ್ಖಾನೆ, ಕಂಪನಿ ಖರೀದಿ

ಬೆಂಗಳೂರಿನ ಪೀಣ್ಯದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳಿಗೆ ಬೇಕಾದ ಉಕ್ಕಿನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದಿದೆ. ಲೇತ್‌ನಲ್ಲಿ ಕಡೆದು, ಗ್ರೈಂಡಿಂಗ್ ಮುಗಿಸಿ, ಮೈಕ್ರೋಮೀಟರ್‌ನಲ್ಲಿ ಅಳೆದು, ತುಕ್ಕು ಹಿಡಿಯದಂತೆ ಎಣ್ಣೆ ಕಾಗದದಲ್ಲಿ ಒಂದೊಂದನ್ನೂ ಸುತ್ತಿ ಮರದ ಪೆಟ್ಟಿಗೆಗೆ ಇಡುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅಲ್ಲಿ ತಯಾರಾಗುವ ಸರಕಿನಲ್ಲಿ ಅರ್ಧದಷ್ಟು ಜರ್ಮನಿಗೆ ಹೋಗುತ್ತದೆ. ಒಮ್ಮೆ ಅಲ್ಲಿನ ಗಿರಾಕಿ, ‘ಬೇಕೆಂದಾಗ ಮೂರು ದಿನದಲ್ಲಿ ಸರಕು ನಮ್ಮ ಬಾಗಿಲಿಗೆ ಬರಬೇಕು, ಹಡಗಿಗಾಗಿ ವಾರಗಟ್ಟಲೆ ಕಾಯಲು ಆಗದು’ ಎಂದು ಬರೆದರು. ಮಾಲೀಕರು ಆ ಪತ್ರವನ್ನು ನನ್ನ ಮುಂದಿಟ್ಟು, ‘ಸರ್, ಅಲ್ಲೇ ಒಂದು ಕಂಪನಿ ಶುರು ಮಾಡಿಬಿಡೋಣವೇ?’ ಎಂದು ಕೇಳಿದರು.

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ನನಗೆ ಈ ಪ್ರಶ್ನೆ ಹೊಸದಲ್ಲ. ಕಾಫಿ ಕ್ಯೂರಿಂಗ್ ನಡೆಸುವವರು, ಸಿದ್ಧ ಉಡುಪಿನವರು, ಸಾಫ್ಟ್‌ವೇರ್ ಕಂಪನಿಯವರು ಎಲ್ಲರೂ ಒಂದಲ್ಲ ಒಂದು ಹಂತದಲ್ಲಿ ಇದನ್ನು ಕೇಳುತ್ತಾರೆ. ಲಾಭ ಎಷ್ಟು ಬರುತ್ತದೆ ಎಂಬ ಲೆಕ್ಕವನ್ನು ಅವರೆಲ್ಲರೂ ಮಾಡಿಕೊಂಡೇ ಬಂದಿರುತ್ತಾರೆ. ಆದರೆ ದಾರಿಯನ್ನು ಆರಿಸುವಾಗ ಲಾಭದ ಅಂದಾಜಿಗಿಂತ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ದಾರಿಯಲ್ಲಿ ಹೋದರೆ ಕೊನೆಯ ಗಿರಾಕಿಯ ಪರಿಚಯ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಮೊದಲನೆಯದು. ವ್ಯವಹಾರ ಕೈಗೂಡದೆ ಹಿಂದಿರುಗಬೇಕಾಗಿ ಬಂದರೆ ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದು ಎರಡನೆಯದು. ಕೆಳಗಿನ ಹೋಲಿಕೆಯನ್ನು ಈ ಎರಡು ಅಳತೆಗಳ ಮೇಲೆಯೇ ಮಾಡಿದ್ದೇನೆ.

ರಫ್ತು: ಮೊದಲ ದಾರಿ, ಆದರೆ ಯಾರ ಮೂಲಕ?

ರಫ್ತಿನಲ್ಲೂ ಹಲವು ಬಗೆಗಳಿವೆ. ಎಲ್ಲಕ್ಕಿಂತ ಸುಲಭವಾದದ್ದು ಇಲ್ಲಿನ ಮರ್ಚೆಂಟ್ ಎಕ್ಸ್‌ಪೋರ್ಟರ್‌ಗೆ, ಅಂದರೆ ಬೇರೆಯವರ ಸರಕನ್ನು ಕೊಂಡು ಹೊರಗೆ ಕಳಿಸುವ ವ್ಯಾಪಾರಿಗೆ, ಮಾರಿಬಿಡುವುದು. ತಯಾರಕರು ಅವರಿಗೆ ರೂಪಾಯಿಯಲ್ಲೇ ಮಾರುತ್ತಾರೆ. ನಿಗದಿತ ಷರತ್ತುಗಳಿಗೆ ಒಳಪಟ್ಟು ಇಂಥ ಪೂರೈಕೆಗೆ ಶೇ. 0.1ರಷ್ಟು ಮಾತ್ರ ಜಿಎಸ್‌ಟಿ ಬೀಳುತ್ತದೆ. ಹಡಗು, ಕಸ್ಟಮ್ಸ್, ಡಾಲರ್‌ನ ಏರಿಳಿತ ಯಾವುದರ ತಲೆನೋವೂ ತಯಾರಕರಿಗಿಲ್ಲ. ಹಿಂದಿರುಗುವ ವೆಚ್ಚ ಇಲ್ಲವೆಂದೇ ಹೇಳಬಹುದು. ಆದರೆ ಸರಕು ಯಾವ ದೇಶಕ್ಕೆ, ಯಾರ ಕಾರ್ಖಾನೆಗೆ, ಯಾವ ಬೆಲೆಗೆ ಹೋಯಿತು ಎಂಬುದು ತಯಾರಕರಿಗೆ ತಿಳಿಯುವುದೇ ಇಲ್ಲ. ಹತ್ತು ವರ್ಷ ಹೀಗೆ ಮಾರಿದವರಿಗೂ ಹೊರದೇಶದಲ್ಲಿ ಹೆಸರಿರುವುದಿಲ್ಲ.

ಕರ್ನಾಟಕದಲ್ಲಿ ಬೆಳೆಯುವ ಗರ್ಕಿನ್ ಎಂಬ ಮಿಡಿ ಸೌತೆ ಇದಕ್ಕೆ ಕಣ್ಣೆದುರಿನ ಉದಾಹರಣೆ. ಇಲ್ಲಿ ಅದನ್ನು ತಿನ್ನುವವರು ಇಲ್ಲವೆಂದರೂ ನಡೆಯುತ್ತದೆ. ರೈತರು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ರಫ್ತಿಗೆಂದೇ ಬೆಳೆಯುತ್ತಾರೆ. ಒಂದು ದಿನ ಬಿಟ್ಟರೆ ಕಾಯಿ ದಪ್ಪವಾಗಿ ದರ ಇಳಿಯುವುದರಿಂದ ಬೆಳಗಾಗುತ್ತಲೇ ಕೊಯ್ಲು ನಡೆಯುತ್ತದೆ. ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ್ಜೆ ಗೊತ್ತಾಗುತ್ತದೆ. ಹೀಗೆ ವಿಂಗಡಿಸಿದ ಕಾಯಿಯಲ್ಲಿ ದೊಡ್ಡ ಪಾಲು ಉಪ್ಪುನೀರು ಅಥವಾ ವಿನೆಗರ್ ತುಂಬಿದ ಡ್ರಮ್ಮುಗಳಲ್ಲಿ ಕಡಲು ದಾಟಿ, ಅಲ್ಲಿ ಬಾಟಲಿಗೆ ತುಂಬಿಸಿಕೊಂಡು, ಅಲ್ಲಿನ ಬ್ರಾಂಡಿನ ಚೀಟಿ ಅಂಟಿಸಿಕೊಂಡು ಅಂಗಡಿಗೆ ಹೋಗುತ್ತದೆ. ಬೆಳೆದ ಊರಿನ ಹೆಸರು ಕೊಂಡವರಿಗೆ ಗೊತ್ತಾಗುವುದಿಲ್ಲ; ಕೊಂಡವರ ರುಚಿ ಬೆಳೆದವರಿಗೆ ಗೊತ್ತಾಗುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಕೊಡಗು, ಚಿಕ್ಕಮಗಳೂರು ಮತ್ತು ಹಾಸನದ ತೋಟಗಳು ಕೊಡುತ್ತಿದ್ದರೂ, ಅದರಲ್ಲಿ ಹೆಚ್ಚಿನದು ಹಸಿರು ಬೀಜವಾಗಿ ಇಟಲಿ, ಜರ್ಮನಿಗಳಿಗೆ ಹೋಗಿ ಬೇರೆಯವರ ಮಿಶ್ರಣದಲ್ಲಿ ಸೇರಿಹೋಗುವುದೂ ಇದೇ ಕಥೆ.

ನೇರ ರಫ್ತು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪ್ಯಾನ್ ಆಧಾರದ ಐಇಸಿ ಎಂಬ ಆಮದು-ರಫ್ತು ಸಂಖ್ಯೆ ಪಡೆದು, ಜಿಎಸ್‌ಟಿ ಕಟ್ಟದೆ ಸರಕು ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ, ಕಸ್ಟಮ್ಸ್ ಏಜೆಂಟರೊಬ್ಬರನ್ನು ಗೊತ್ತು ಮಾಡಿಕೊಂಡರೆ ಯಾರಾದರೂ ಆರಂಭಿಸಬಹುದು. ಹಣ ಬಾರದಿದ್ದರೆ ಎಂಬ ಭಯಕ್ಕೆ 1957ರಿಂದಲೂ ಇಸಿಜಿಸಿ ಎಂಬ ಸರ್ಕಾರಿ ವಿಮಾ ಸಂಸ್ಥೆ ಇದೆ. ಅದರ ಪಾಲಿಸಿ ಇಲ್ಲದೆ ಹೊಸ ಗಿರಾಕಿಗೆ ಸಾಲದ ಮೇಲೆ ಸರಕು ಕಳಿಸಬಾರದು ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಗಿರಾಕಿಯ ಪತ್ರ, ದೂರು, ಹೊಗಳಿಕೆ ಎಲ್ಲವೂ ಇಲ್ಲಿ ನೇರವಾಗಿ ನಿಮ್ಮ ಮೇಜಿಗೆ ಬರುತ್ತವೆ. ಈ ದಾರಿಯ ನಿಜವಾದ ಗಳಿಕೆ ಅದೇ.

ಇದರ ಬೆಲೆ ಕಾಗದದ ಶಿಸ್ತು. ನಾನು ಬ್ಯಾಂಕಿನಲ್ಲಿದ್ದಾಗ ಗರ್ಕಿನ್ ಕಳಿಸುವವರೊಬ್ಬರ ದಾಖಲೆಗಳು ನನ್ನ ಕೈಗೆ ಬಂದವು. ಎಲ್‌ಸಿಯಲ್ಲಿ, ಅಂದರೆ ಷರತ್ತಿನಂತೆ ದಾಖಲೆ ಕೊಟ್ಟರೆ ಹಣ ಕೊಡುವುದಾಗಿ ಗಿರಾಕಿಯ ಬ್ಯಾಂಕು ಬರೆದುಕೊಡುವ ಪತ್ರದಲ್ಲಿ, ‘ಉಪ್ಪುನೀರಿನಲ್ಲಿ ಸಂರಕ್ಷಿಸಿದ’ ಎಂದಿತ್ತು, ಇನ್‌ವಾಯ್ಸ್‌ನಲ್ಲಿ ‘ವಿನೆಗರ್‌ನಲ್ಲಿ ಸಂರಕ್ಷಿಸಿದ’ ಎಂದಿತ್ತು. ಡ್ರಮ್ಮಿನಲ್ಲಿ ಇದ್ದದ್ದು ವಿನೆಗರೇ. ಗಿರಾಕಿ ಫೋನಿನಲ್ಲಿ ಹಾಗೆಯೇ ಕೇಳಿದ್ದರು, ಆದರೆ ಎಲ್‌ಸಿಯನ್ನು ತಿದ್ದಿಸಿರಲಿಲ್ಲ. ಬ್ಯಾಂಕುಗಳು ನೋಡುವುದು ಕಾಗದವನ್ನು, ಡ್ರಮ್ಮನ್ನಲ್ಲ. ಅಲ್ಲಿನ ಬ್ಯಾಂಕು ಹಣ ತಡೆಹಿಡಿಯಿತು, ಸರಕು ಬಂದರಿನಲ್ಲಿ ಬಾಡಿಗೆ ತಿನ್ನುತ್ತ ನಿಂತಿತು, ಗಿರಾಕಿ ಅದನ್ನೇ ಅವಕಾಶ ಮಾಡಿಕೊಂಡು ಬೆಲೆ ಇಳಿಸಿ ಎಂದರು. ಅಂದಿನಿಂದ, ಸರಕು ಕಾರ್ಖಾನೆಯಿಂದ ಹೊರಡುವ ಮೊದಲು ಎಲ್‌ಸಿಯನ್ನೂ ಇನ್‌ವಾಯ್ಸನ್ನೂ ಪಕ್ಕಪಕ್ಕ ಇಟ್ಟು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು ಎಂದು ನಾನು ಹೇಳಿಕೊಡುತ್ತ ಬಂದಿದ್ದೇನೆ.

ನೇರ ರಫ್ತಿನಲ್ಲಿ ಮಾರಾಟಕ್ಕೆ ಅಲ್ಲಿನವರ ನೆರವು ಬೇಕಾದಾಗ ಏಜೆಂಟ್ ಮತ್ತು ವಿತರಕ ಎಂಬ ಎರಡು ಆಯ್ಕೆಗಳು ಎದುರಾಗುತ್ತವೆ. ಇವೆರಡೂ ಒಂದೇ ಎಂದು ತಿಳಿದು ಸಹಿ ಹಾಕಿದವರು ಬಹಳ ಮಂದಿ. ವಿತರಕ ನಿಮ್ಮಿಂದ ಸರಕನ್ನು ಕೊಂಡು ತನ್ನದೇ ಬೆಲೆಗೆ ಮಾರುತ್ತಾನೆ; ಹಣದ ಅಪಾಯ ಅವನದು, ಗಿರಾಕಿಯೂ ಅವನವನೇ. ಏಜೆಂಟ್ ನಿಮ್ಮ ಹೆಸರಿನಲ್ಲಿ ಆರ್ಡರ್ ತಂದು ಕಮಿಷನ್ ಪಡೆಯುತ್ತಾನೆ. ಗಿರಾಕಿ ನಿಮ್ಮವರಾಗಿಯೇ ಉಳಿಯುತ್ತಾರೆ. ನನ್ನ ಮೊದಲ ಅಳತೆಯಲ್ಲಿ ಏಜೆಂಟೇ ಮೇಲು. ಆದರೆ ಎರಡನೆಯ ಅಳತೆಯಲ್ಲಿ ಎಚ್ಚರ ಬೇಕು: ಐರೋಪ್ಯ ಒಕ್ಕೂಟದಲ್ಲಿ 1986ರಿಂದ ವಾಣಿಜ್ಯ ಏಜೆಂಟರಿಗೆ ಕಾನೂನಿನ ರಕ್ಷಣೆ ಇದೆ, ಜರ್ಮನಿಯಲ್ಲಿ ಒಪ್ಪಂದ ಮುಗಿಸುವಾಗ ಸರಾಸರಿ ಒಂದು ವರ್ಷದ ಕಮಿಷನ್‌ವರೆಗೂ ಪರಿಹಾರ ಕೊಡಬೇಕಾಗಬಹುದು. ‘ಬೇಡವೆಂದರೆ ಬಿಟ್ಟರಾಯಿತು’ ಎಂಬ ನಮ್ಮ ರೂಢಿಯ ಮಾತು ಅಲ್ಲಿ ನಡೆಯದು.

ರಫ್ತಿನ ಮೂಲ ದೌರ್ಬಲ್ಯ ಸುಂಕ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಬಹಳಷ್ಟು ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಎರಡು ಕಂತಿನಲ್ಲಿ ಶೇ. 50ಕ್ಕೆ ಏರಿಸಿದಾಗ, ಔಷಧಿ ಮತ್ತು ಸ್ಮಾರ್ಟ್‌ಫೋನಿನಂಥ ಕೆಲವು ಸರಕುಗಳು ಮಾತ್ರ ಹೊರಗುಳಿದವು. ಉಡುಪು, ಸಿಗಡಿ, ಎಂಜಿನಿಯರಿಂಗ್ ಸರಕುಗಳ ತಯಾರಕರು ಒಂದೇ ತಿಂಗಳಲ್ಲಿ ಹೊಸ ಲೆಕ್ಕ ಹಾಕಬೇಕಾಯಿತು. ಒಂದೇ ದೇಶಕ್ಕೆ ಒಂದೇ ಸರಕು ಕಳಿಸುವವರಿಗೆ ಇಂಥ ಹೊಡೆತದಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಆದುದರಿಂದ ಸ್ವಂತ ಕಾರ್ಖಾನೆಯ ಯೋಚನೆಗೆ ಮುನ್ನ ಭಾರತದೊಂದಿಗೆ ವ್ಯಾಪಾರ ಒಪ್ಪಂದವಿರುವ ದೇಶಗಳನ್ನು ನೋಡಬೇಕು. ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆಗಿನ ಒಪ್ಪಂದ 2022ರ ಮೇ 1ರಂದು, ಆಸ್ಟ್ರೇಲಿಯಾ ಜೊತೆಗಿನದು ಅದೇ ವರ್ಷದ ಡಿಸೆಂಬರ್ 29ರಂದು, ಸ್ವಿಟ್ಜರ್‌ಲೆಂಡ್ ಮತ್ತು ನಾರ್ವೆಯನ್ನೂ ಒಳಗೊಂಡ ಇಎಫ್‌ಟಿಎ ಗುಂಪಿನ ಜೊತೆಗಿನದು 2025ರ ಅಕ್ಟೋಬರ್ 1ರಂದು ಜಾರಿಗೆ ಬಂದವು. ಈ ದೇಶಗಳಿಗೆ ಸರಕು ಕಳಿಸುವಾಗ ಸರಕು ಭಾರತದ್ದೇ ಎಂಬ ಮೂಲದ ಪುರಾವೆ ಜೊತೆಗಿದ್ದರೆ ಮಾತ್ರ ಸುಂಕದ ರಿಯಾಯಿತಿ ಸಿಗುತ್ತದೆ ಎಂಬುದು ನೆನಪಿರಲಿ.

ಪರವಾನಗಿ ಮತ್ತು ಒಪ್ಪಂದದ ತಯಾರಿಕೆ

ಸರಕನ್ನು ಕಳಿಸಲಾಗದ ಕಡೆ ಹೆಸರನ್ನೂ ವಿಧಾನವನ್ನೂ ಕಳಿಸಬಹುದು. 2024ರಲ್ಲಿ ಗುಜರಾತಿನ ಅಮುಲ್ ಅಮೆರಿಕದಲ್ಲಿ ತಾಜಾ ಹಾಲು ಮಾರಲು ತೊಡಗಿದ್ದು ಹೀಗೆಯೇ. ಅಮುಲ್‌ನ ಊರಾದ ಆನಂದ್‌ನ ಹಾಲನ್ನು ಅಮೆರಿಕದ ಮಿಷಿಗನ್‌ಗೆ ಒಯ್ಯಲು ಆಗದು. ಆದುದರಿಂದ ಮಿಷಿಗನ್ ಹಾಲು ಉತ್ಪಾದಕರ ಸಹಕಾರ ಸಂಘವು ಅಲ್ಲಿನ ಹಾಲನ್ನು ಸಂಗ್ರಹಿಸಿ ಸಂಸ್ಕರಿಸುತ್ತದೆ, ಅಮುಲ್‌ನದು ತಯಾರಿಕೆಯ ವಿಧಾನ, ಹೆಸರು ಮತ್ತು ಮಾರಾಟದ ಹೊಣೆ. ಬಂಡವಾಳ ಕಡಿಮೆ, ಬೇಡವಾದರೆ ನಿಲ್ಲಿಸುವುದೂ ಸುಲಭ. ಅಲ್ಲಿರುವ ಭಾರತೀಯರಿಗೆ ಆ ಹೆಸರು ಮೊದಲೇ ಗೊತ್ತಿದ್ದದ್ದು ಈ ಲೆಕ್ಕದ ಆಧಾರ. ಹೊರಗೆ ಯಾರಿಗೂ ಗೊತ್ತಿಲ್ಲದ ಹೆಸರನ್ನು ಬಾಡಿಗೆಗೆ ಕೊಡಲು ಬರುವುದಿಲ್ಲ, ಆದುದರಿಂದ ಹೆಚ್ಚಿನ ಸಣ್ಣ ತಯಾರಕರಿಗೆ ಈ ದಾರಿ ಸದ್ಯಕ್ಕೆ ಮುಚ್ಚಿದೆ. ತಂತ್ರಜ್ಞಾನದ ಪರವಾನಗಿ ಕೊಡುವವರು ಇನ್ನೂ ಒಂದು ಮಾತನ್ನು ಗಮನಿಸಬೇಕು: ಕಲಿತವನು ನಾಳೆ ಎದುರಾಳಿಯಾಗಬಹುದು.

ಜಂಟಿ ಉದ್ಯಮ

ಪಾಲುದಾರರನ್ನು ಹಿಡಿಯುವುದು ನಡುವಿನ ದಾರಿಯಂತೆ ಕಂಡರೂ ನಾನು ಕಂಡ ವಿವಾದಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಪಾಲುದಾರರು ಕೊಡುವುದು ಅಲ್ಲಿನ ಗಿರಾಕಿಯ ಪರಿಚಯ, ಅದು ಒಪ್ಪಂದ ಮುಗಿದ ಮೇಲೂ ಅವರ ಬಳಿಯೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಬೆಂಗಳೂರಿನ ಬಯೋಕಾನ್ ಇದನ್ನು ಎರಡು ಕಡೆಯಿಂದಲೂ ತೋರಿಸಿಕೊಡುತ್ತದೆ. 1978ರಲ್ಲಿ ಅದು ಹುಟ್ಟಿದ್ದೇ ಐರ್ಲೆಂಡಿನ ಕಂಪನಿಯೊಂದರ ಜೊತೆಗಿನ ಜಂಟಿ ಉದ್ಯಮವಾಗಿ. ಕಿಣ್ವಗಳನ್ನು ತಯಾರಿಸಿ ಹೊರಗೆ ಕಳಿಸುವುದು ಅದರ ಮೊದಲ ಕಸುಬು. ಮೂರು ದಶಕಗಳ ಬಳಿಕ, 2009ರಲ್ಲಿ, ಜೈವಿಕ ಔಷಧಿಗಳನ್ನು ಅಮೆರಿಕ ಮತ್ತು ಯುರೋಪಿಗೆ ಒಯ್ಯಲು ಅದು ಮೈಲಾನ್ ಕಂಪನಿಯ ಜೊತೆ ಕೈಜೋಡಿಸಿತು. ಅಭಿವೃದ್ಧಿಯ ವೆಚ್ಚವನ್ನು ಇಬ್ಬರೂ ಹಂಚಿಕೊಂಡರು, ತಯಾರಿಕೆ ಬಯೋಕಾನ್‌ನದು, ಮುಂದುವರಿದ ದೇಶಗಳಲ್ಲಿ ಮಾರಾಟ ಮೈಲಾನ್‌ನದು. ಒಂದು ಔಷಧಿ ಅಲ್ಲಿನ ಆಸ್ಪತ್ರೆಗಳ, ವಿಮಾ ಕಂಪನಿಗಳ ಪಟ್ಟಿಗೆ ಸೇರುವುದು ಎಷ್ಟು ಕಠಿಣವೆಂದರೆ, ಬಯೋಕಾನ್ ಆಗ ತಾನೇ ಮಾರಲು ಹೊರಟಿದ್ದರೆ ತಯಾರಿಕೆಗೆ ಇಡಬೇಕಾದ ಹಣ ಮಾರಾಟದ ಸಿಬ್ಬಂದಿಗೇ ಕರಗುತ್ತಿತ್ತು. ಹಾಗಾಗಿ ಪಾಲುದಾರಿಕೆ ಸರಿಯಾದ ಆಯ್ಕೆಯೇ ಆಗಿತ್ತು. ಆದರೆ ಗಿರಾಕಿ ಅವರ ಕೈಯಲ್ಲೇ ಉಳಿದರು. ಮೈಲಾನ್ ಮುಂದೆ ವಿಯಾಟ್ರಿಸ್ ಆಯಿತು; 2022ರಲ್ಲಿ ಬಯೋಕಾನ್ ಬಯಾಲಜಿಕ್ಸ್ ಆ ಕಂಪನಿಯ ಬಯೋಸಿಮಿಲರ್ (ಮೂಲ ಜೈವಿಕ ಔಷಧಿಯನ್ನು ಹೋಲುವ ಔಷಧಿಗಳ) ವಿಭಾಗವನ್ನು 333.5 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಕೊಂಡು, ತನ್ನದೇ ಔಷಧಿಯ ಮಾರಾಟದ ಹಕ್ಕನ್ನು ತನ್ನ ಕೈಗೆ ತಂದುಕೊಂಡಿತು. ಗಿರಾಕಿಯ ಪರಿಚಯಕ್ಕೆ ಬೆಲೆ ಎಷ್ಟು ಎಂದು ಕೇಳುವವರಿಗೆ ನಾನು ಈ ಅಂಕಿಯನ್ನು ತೋರಿಸುತ್ತೇನೆ.

ಇನ್ನೊಂದು ಬಗೆಯ ತೊಡಕನ್ನು ಹೀರೋ ಹೋಂಡಾ ಕಂಡಿತು. 1984ರಲ್ಲಿ ಆದ ಒಪ್ಪಂದದಿಂದ ಹೀರೋಗೆ ಹೋಂಡಾದ ಎಂಜಿನ್ ಸಿಕ್ಕಿತು, ದೇಶದೊಳಗೆ ಅದು ಮೊದಲ ಸ್ಥಾನಕ್ಕೆ ಏರಿತು. ಆದರೆ ಕೆಲವೇ ದೇಶಗಳ ಹೊರತು ಬೇರೆಡೆಗೆ ರಫ್ತು ಮಾಡುವ ಸ್ವಾತಂತ್ರ್ಯ ಇರಲಿಲ್ಲ, ಏಕೆಂದರೆ ಆ ಮಾರುಕಟ್ಟೆಗಳಲ್ಲಿ ಹೋಂಡಾ ತಾನೇ ಇತ್ತು. 2010ರ ಕೊನೆಗೆ ಬೇರೆಯಾಗುವ ನಿರ್ಧಾರವಾದ ಬಳಿಕವಷ್ಟೇ ಹೀರೋ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕಾ ಕಡೆ ಮುಖ ಮಾಡಿ, 2015ರಲ್ಲಿ ಕೊಲಂಬಿಯಾದಲ್ಲಿ ಕಾರ್ಖಾನೆ ತೆರೆಯಿತು. ಜಂಟಿ ಉದ್ಯಮದ ಕರಡು ಕೈಗೆ ಬಂದಾಗ ಎಲ್ಲರೂ ಲಾಭ ಹಂಚಿಕೆಯ ಪುಟವನ್ನು ಮೊದಲು ತೆರೆಯುತ್ತಾರೆ. ಯಾವ ಯಾವ ದೇಶದಲ್ಲಿ ಮಾರಬಹುದು ಎಂಬ ಪುಟವನ್ನೂ, ಒಬ್ಬರು ಹೊರನಡೆದರೆ ಷೇರಿನ ಬೆಲೆಯನ್ನು ಯಾರು ಕಟ್ಟುತ್ತಾರೆ ಎಂಬ ಪುಟವನ್ನೂ ಮೊದಲು ತೆರೆಯಿರಿ ಎಂಬುದು ನನ್ನ ಸಲಹೆ.

ಸ್ವಂತ ಅಂಗಸಂಸ್ಥೆ, ಸ್ವಂತ ಕಾರ್ಖಾನೆ

ರಫ್ತಿನಿಂದ ಪಾಲುದಾರಿಕೆಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ಹಂತಹಂತವಾಗಿ ಸಾಗಿದ ಉದಾಹರಣೆ ಬೇಕೆಂದರೆ ಟೊಯೋಟಾವನ್ನು ನೋಡಬೇಕು. 1957ರಲ್ಲಿ ಅದು ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ಹೊಂದಲಿಲ್ಲ, ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಂತಿತು. ಆ ಸೋಲಿನಿಂದ ಕಲಿತು ಬೇರೆ ಕಾರಿನೊಂದಿಗೆ ಮರಳಿತು. ರಫ್ತಾಗಿದ್ದುದರಿಂದಲೇ ಆ ಸೋಲನ್ನು ತಾಳಿಕೊಳ್ಳಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು. 1981ರಲ್ಲಿ ಅಮೆರಿಕಕ್ಕೆ ಕಳಿಸುವ ಜಪಾನಿನ ಕಾರುಗಳ ಸಂಖ್ಯೆಗೆ ಮಿತಿ ಬಿದ್ದಾಗ, ಟೊಯೋಟಾ 1984ರಲ್ಲಿ ಜನರಲ್ ಮೋಟಾರ್ಸ್ ಜೊತೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜಂಟಿ ಕಾರ್ಖಾನೆ ನಡೆಸಿ ಅಲ್ಲಿನ ಕಾರ್ಮಿಕರನ್ನೂ ಪೂರೈಕೆದಾರರನ್ನೂ ಅರಿತುಕೊಂಡಿತು. 1988ರಲ್ಲಿ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಸ್ವಂತ ಕಾರ್ಖಾನೆಯಿಂದ ಕಾರು ಹೊರತಂದಿತು. ಮುಂದೆ 1997ರಲ್ಲಿ ಅದು ನಮ್ಮ ಬಿಡದಿಗೆ ಬಂದಾಗಲೂ ಕಿರ್ಲೋಸ್ಕರ್ ಜೊತೆಗೂಡಿಯೇ ಬಂದಿತು. ಇಂದು ಅದರಲ್ಲಿ ಟೊಯೋಟಾ ಪಾಲು ಶೇ. 89, ಕಿರ್ಲೋಸ್ಕರ್ ಪಾಲು ಶೇ. 11.

ಭಾರತದ ಕಂಪನಿಗಳು ಹೊರಗೆ ಕಾರ್ಖಾನೆ ಕಟ್ಟಿದ ಕಾರಣಗಳು ಬೇರೆಬೇರೆ. 1969ರಲ್ಲಿ ಆದಿತ್ಯ ವಿಕ್ರಮ್ ಬಿರ್ಲಾ ಥಾಯ್ಲೆಂಡ್‌ನಲ್ಲಿ ಇಂಡೋ-ಥಾಯ್ ಸಿಂಥೆಟಿಕ್ಸ್ ಆರಂಭಿಸಿದ ಕಾಲದಲ್ಲಿ ಇಲ್ಲಿ ಗಿರಣಿಯನ್ನು ವಿಸ್ತರಿಸಲು ಲೈಸೆನ್ಸ್ ಸಿಗುವುದೇ ದುರ್ಲಭವಾಗಿತ್ತು. ಮನೆಯಲ್ಲಿ ಬೆಳೆಯಲು ಬಿಡದ ಕಾನೂನು ಅವರನ್ನು ಹೊರಗೆ ದಾಟಿಸಿತು. ಕೊಡಗಿನಲ್ಲಿ ತೋಟಗಳಿದ್ದ ಟಾಟಾ ಕಾಫಿ 2019ರಲ್ಲಿ ವಿಯೆಟ್ನಾಂನಲ್ಲಿ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಇನ್‌ಸ್ಟಂಟ್ ಕಾಫಿ ಘಟಕ ತೆರೆಯಿತು. ರೋಬಸ್ಟಾ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿರುವ ದೇಶದಲ್ಲಿ, ಬೀಜ ಇರುವಲ್ಲಿಗೇ ಯಂತ್ರವನ್ನು ಒಯ್ದ ನಿರ್ಧಾರವದು. ಇನ್ಫೋಸಿಸ್‌ನಂಥ ಸಾಫ್ಟ್‌ವೇರ್ ಕಂಪನಿಗಳಿಗೆ ಗಿರಾಕಿಯ ಪಕ್ಕದಲ್ಲಿ ಕುಳಿತು ಕೆಲಸ ಮಾಡುವುದು ಆರಂಭದಿಂದಲೂ ಅನಿವಾರ್ಯ; 1987ರಲ್ಲಿ ಬಾಸ್ಟನ್‌ನಲ್ಲಿ ಕಚೇರಿ ತೆರೆದ ಕಂಪನಿ, ವೀಸಾ ಬಿಗಿಯಾದ ಕಾಲಕ್ಕೆ, 2017ರಲ್ಲಿ, ಅಮೆರಿಕದಲ್ಲೇ 10,000 ಮಂದಿಯನ್ನು ನೇಮಿಸಿಕೊಳ್ಳುವುದಾಗಿ ಘೋಷಿಸಿತು.

ಸಣ್ಣವರಿಗೆ ‘ಅಂಗಸಂಸ್ಥೆ’ ಎಂದರೆ ಕಾರ್ಖಾನೆಯೇ ಆಗಬೇಕಿಲ್ಲ. ಒಂದು ಕೋಣೆ, ಒಬ್ಬ ವ್ಯವಸ್ಥಾಪಕ, ಒಂದು ಬ್ಯಾಂಕ್ ಖಾತೆ ಸಾಕು. ಎಮಿರೇಟ್ಸ್‌ನಲ್ಲಿ ಹಿಂದೆ, ವಿದೇಶಿಯರಿಗೆ ಪೂರ್ತಿ ಒಡೆತನ ಬಿಡುವ ಮುಕ್ತ ವಲಯದ ಹೊರಗೆ, ಕಂಪನಿ ತೆರೆಯಲು ಸಾಮಾನ್ಯವಾಗಿ ಶೇ. 51 ಪಾಲಿನ ಸ್ಥಳೀಯ ಪಾಲುದಾರ ಬೇಕಾಗಿತ್ತು. 2021ರ ಜೂನ್‌ನಿಂದ ಹೆಚ್ಚಿನ ವ್ಯವಹಾರಗಳಿಗೆ ಆ ನಿರ್ಬಂಧವಿಲ್ಲ. ಜರ್ಮನಿಯಲ್ಲಿ ಜಿಎಂಬಿಎಚ್ ಎಂಬ ಸೀಮಿತ ಹೊಣೆಯ ಮಾದರಿಯ ಕಂಪನಿಗೆ ಕನಿಷ್ಠ 25,000 ಯೂರೋ ಬಂಡವಾಳ ಗೊತ್ತುಪಡಿಸಬೇಕು, ಅದರಲ್ಲಿ ಅರ್ಧ ನೋಂದಣಿಗೆ ಮುನ್ನವೇ ಕಟ್ಟಬೇಕು. ತೆರೆಯುವುದು ದುಬಾರಿಯಲ್ಲ. ಮುಚ್ಚುವುದು ನಿಧಾನ: ಸಾಲ ಕೊಟ್ಟವರಿಗೆ ಬಹಿರಂಗ ಪ್ರಕಟಣೆ ಕೊಟ್ಟು ಒಂದು ವರ್ಷ ಕಾದ ನಂತರವೇ ಉಳಿದ ಹಣವನ್ನು ಹಿಂಪಡೆಯಬಹುದು, ಆ ವರ್ಷದ ಲೆಕ್ಕಪತ್ರದ ಖರ್ಚು ಬೇರೆ. ನೋಂದಣಿ ಮಾಡಿಸಿಕೊಡುವ ಸಲಹೆಗಾರರು ಈ ಎರಡನೆಯ ಭಾಗವನ್ನು ಹೇಳುವುದು ಅಪರೂಪ.

ಕಂಪನಿಯನ್ನೇ ಕೊಳ್ಳುವುದು

ಗಿರಾಕಿಯ ಪರಿಚಯವನ್ನು ಒಮ್ಮೆಗೇ ಪಡೆಯುವ ದಾರಿ ಇದೊಂದೇ, ಹಿಂದಿರುಗುವುದು ಅತಿ ಕಷ್ಟವಾದ ದಾರಿಯೂ ಇದೇ. 2000ದಲ್ಲಿ ಟಾಟಾ ಟೀ ತನಗಿಂತ ದೊಡ್ಡದಾದ ಬ್ರಿಟನ್ನಿನ ಟೆಟ್ಲಿಯನ್ನು 27.1 ಕೋಟಿ ಪೌಂಡಿಗೆ ಕೊಂಡಾಗ, ಅದಕ್ಕೆ ಬೇಕಾಗಿದ್ದದ್ದು ತೋಟವಾಗಲಿ ಗಿರಣಿಯಾಗಲಿ ಆಗಿರಲಿಲ್ಲ, ಬ್ರಿಟನ್ನಿನ ಅಂಗಡಿ ಕಪಾಟಿನ ಆ ಜಾಗ ಮತ್ತು ಟೀ ಬ್ಯಾಗಿನ ಹೆಸರು. 2006ರಲ್ಲಿ ಟಾಟಾ ಕಾಫಿ 22 ಕೋಟಿ ಡಾಲರಿಗೆ ಅಮೆರಿಕದ ಏಯ್ಟ್ ಓ ಕ್ಲಾಕ್ ಕಾಫಿಯನ್ನು ಕೊಂಡದ್ದೂ ಅದೇ ಲೆಕ್ಕದಲ್ಲಿ. ತಲೆಮಾರುಗಳಿಂದ ಜನರ ನಾಲಗೆಯ ಮೇಲಿರುವ ಹೆಸರನ್ನು ಜಾಹೀರಾತಿನಿಂದ ಕಟ್ಟಲು ಹೊರಟರೆ ಆಗುವ ಖರ್ಚಿಗೆ ಹೋಲಿಸಿದರೆ ಇವು ವಿವೇಕದ ಖರೀದಿಗಳು ಎಂದೇ ನನ್ನ ಎಣಿಕೆ.

ಅದೇ ಸಮೂಹದ ಇನ್ನೆರಡು ಖರೀದಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2007ರ ಆರಂಭದಲ್ಲಿ ಟಾಟಾ ಸ್ಟೀಲ್, ಬ್ರೆಜಿಲ್‌ನ ಸಿಎಸ್‌ಎನ್ ಕಂಪನಿಯೊಂದಿಗೆ ಹರಾಜಿನಂತೆ ಪೈಪೋಟಿ ನಡೆಸಿ, ಬ್ರಿಟನ್ನಿನ ಕೋರಸ್ ಉಕ್ಕು ಕಂಪನಿಯನ್ನು ಸುಮಾರು 620 ಕೋಟಿ ಪೌಂಡಿಗೆ ಕೊಂಡಿತು. ಮರುವರ್ಷವೇ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂದು ಉಕ್ಕಿನ ಬೇಡಿಕೆ ಕುಸಿಯಿತು. ಉಕ್ಕಿನ ಕಾರ್ಖಾನೆ ಒಂದು ಊರಿನ ಬದುಕೇ ಆಗಿರುವುದರಿಂದ ಅದನ್ನು ಮುಚ್ಚುವುದು ಕಂಪನಿಯ ನಿರ್ಧಾರ ಮಾತ್ರವಾಗಿ ಉಳಿಯುವುದಿಲ್ಲ. ಕಾರ್ಮಿಕ ಸಂಘ, ಪಿಂಚಣಿ ನಿಧಿ, ಸರ್ಕಾರ ಎಲ್ಲರೂ ಮೇಜಿನ ಸುತ್ತ ಕೂರುತ್ತಾರೆ. 2016ರಲ್ಲಿ ಇಂಗ್ಲೆಂಡಿನ ಸ್ಕಂತೋರ್ಪ್ ಘಟಕವನ್ನು ನಾಮಮಾತ್ರದ 1 ಪೌಂಡಿಗೆ ಬಿಟ್ಟುಕೊಡಬೇಕಾಯಿತು; ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು. ಹದಿನೇಳು ವರ್ಷ ಹಿಡಿದ ಹಿಂದಿರುಗುವಿಕೆ ಅದು.

2008ರಲ್ಲಿ ಟಾಟಾ ಮೋಟಾರ್ಸ್ ಫೋರ್ಡ್‌ನಿಂದ ಬ್ರಿಟನ್ನಿನ ಕಾರು ಕಂಪನಿ ಜಾಗ್ವಾರ್ ಲ್ಯಾಂಡ್ ರೋವರನ್ನು 230 ಕೋಟಿ ಡಾಲರಿಗೆ ಕೊಂಡದ್ದೂ ಅದೇ ಬಿಕ್ಕಟ್ಟಿನ ಹೊಸ್ತಿಲಲ್ಲಿ. ಮೊದಲ ವರ್ಷ ಇಡೀ ಕಂಪನಿ ನಷ್ಟ ತೋರಿಸಿತು; ಆದರೆ ಹೊಸ ಮಾದರಿಗಳು ಬಂದು, ಚೀನಾದಲ್ಲಿ ಬೇಡಿಕೆ ಏರಿ, ಕೆಲವೇ ವರ್ಷಗಳಲ್ಲಿ ಟಾಟಾ ಮೋಟಾರ್ಸ್ ಲಾಭದ ದೊಡ್ಡ ಪಾಲು ಅಲ್ಲಿಂದಲೇ ಬರತೊಡಗಿತು. ಒಂದೇ ಸಮೂಹ, ಒಂದೇ ದೇಶ, ಒಂದೇ ಕಾಲ. ವ್ಯತ್ಯಾಸ ಕೊಂಡ ವಸ್ತುವಿನಲ್ಲಿತ್ತು ಎಂದು ನಾನು ಓದುತ್ತೇನೆ: ಹೆಸರು ಮತ್ತು ವಿನ್ಯಾಸವನ್ನು ಜಗತ್ತಿನ ಯಾವ ಮೂಲೆಗೂ ಒಯ್ಯಬಹುದು, ಕುಲುಮೆಯನ್ನು ಕಿತ್ತು ಒಯ್ಯಲಾಗದು.

ಹಣದ ಮೌಲ್ಯದ ಅಪಾಯವೂ ಇಲ್ಲಿ ದೊಡ್ಡದು. ಭಾರ್ತಿ ಏರ್‌ಟೆಲ್ 2010ರಲ್ಲಿ ಝೈನ್ ಕಂಪನಿಯ ಆಫ್ರಿಕಾದ 15 ದೇಶಗಳ ಮೊಬೈಲ್ ಜಾಲವನ್ನು 1,070 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಚಂದಾದಾರರು ಕೋಟಿಗಟ್ಟಲೆ ಸೇರಿದರು. ಆದರೂ 2023ರಲ್ಲಿ ನೈಜೀರಿಯಾದ ನೈರಾ ಕುಸಿದಾಗ, 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಏರ್‌ಟೆಲ್ ಆಫ್ರಿಕಾ 8.9 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ರಫ್ತುದಾರರಾದರೆ ಮುಂದಿನ ಕಂತಿನ ಬೆಲೆ ತಿದ್ದಿಕೊಳ್ಳಬಹುದಿತ್ತು. ಟವರ್ ನೆಟ್ಟವರಿಗೆ ಆ ಅವಕಾಶವಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮಗಳು

ರಫ್ತಿನಿಂದ ಹೂಡಿಕೆಗೆ ದಾಟಿದೊಡನೆ 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಭಾರತೀಯ ಕಂಪನಿಯೊಂದು ತನ್ನ ನಿವ್ವಳ ಮೌಲ್ಯದ ಶೇ. 400ರವರೆಗೆ, ಅಂದರೆ 1 ಕೋಟಿ ರೂಪಾಯಿ ನಿವ್ವಳ ಮೌಲ್ಯವಿದ್ದರೆ 4 ಕೋಟಿಯವರೆಗೆ, ಮುಂಗಡ ಅನುಮತಿ ಇಲ್ಲದೆ ಹೊರಗೆ ತೊಡಗಿಸಬಹುದು; ಅಂಗಸಂಸ್ಥೆಯ ಸಾಲಕ್ಕೆ ಕೊಟ್ಟ ಖಾತರಿಯೂ ಈ ಮಿತಿಯೊಳಗೇ ಬರುತ್ತದೆ ಎಂಬುದನ್ನು ಮರೆತು ತೊಂದರೆಗೆ ಸಿಕ್ಕಿದವರಿದ್ದಾರೆ. ಹೂಡಿಕೆಯ ವಿವರ ಕೊಡುವ ಎಫ್‌ಸಿ ನಮೂನೆಯನ್ನು ಬ್ಯಾಂಕಿನ ಮೂಲಕ ಸಲ್ಲಿಸಿ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆದ ಮೇಲೆಯೇ ಹಣ ಕಳಿಸಬೇಕು. ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅಂಗಸಂಸ್ಥೆಯ ಕಾರ್ಯನಿರ್ವಹಣಾ ವರದಿ, ಜುಲೈ 15ರೊಳಗೆ ವಿದೇಶಿ ಆಸ್ತಿ ಮತ್ತು ಹೊಣೆಗಳ ವಿವರ. ಬ್ಯಾಂಕಿನ ಸಾಲ ಸುಸ್ತಿಯಾಗಿದ್ದರೆ ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ದೊಡ್ಡ ಕಂಪನಿಗಳಿಗೆ ಇದು ದಿನನಿತ್ಯದ ಕೆಲಸ. ಲೆಕ್ಕಿಗರೊಬ್ಬರೇ ಇರುವ ಕಾರ್ಖಾನೆಗೆ ಇದು ಹೊಸ ಹೊರೆ, ಆ ಹೊರೆಯನ್ನು ಮೊದಲೇ ವೆಚ್ಚದ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಯಾರಿಗೆ ಯಾವುದು

ಹೊರದೇಶದಲ್ಲಿ ಇನ್ನೂ ಮೂರು ವರ್ಷ ಸತತವಾಗಿ ಒಂದೇ ಗಿರಾಕಿಗೆ ಮಾರಿರದವರು ನೇರ ರಫ್ತನ್ನು ಬಿಟ್ಟು ಬೇರೆ ಯೋಚಿಸಬಾರದು. ಮರ್ಚೆಂಟ್ ಎಕ್ಸ್‌ಪೋರ್ಟರ್ ಮೂಲಕ ಮಾರುತ್ತಿರುವವರು ಲಾಭ ಸ್ವಲ್ಪ ಇಳಿದರೂ ಒಂದು ದೇಶಕ್ಕಾದರೂ ನೇರವಾಗಿ ಕಳಿಸಲು ತೊಡಗಬೇಕು, ಏಕೆಂದರೆ ಅಲ್ಲಿ ಸಿಗುವ ತಿಳಿವಳಿಕೆ ಬೇರೆಲ್ಲೂ ಸಿಗದು. ಸರ್ಕಾರದ ಅನುಮತಿ, ಆಸ್ಪತ್ರೆ ಅಥವಾ ವಿಮೆಯ ಪಟ್ಟಿ, ಸಾವಿರಾರು ಅಂಗಡಿಗಳ ಜಾಲ ಇಂಥವುಗಳ ಹಿಂದೆ ಗಿರಾಕಿ ಅಡಗಿರುವ ವ್ಯವಹಾರದಲ್ಲಿ ಪಾಲುದಾರರು ಬೇಕೇ ಬೇಕು. ಸುಂಕವೋ ಸಾಗಣೆಯೋ ಕಚ್ಚಾವಸ್ತುವೋ ಶಾಶ್ವತವಾಗಿ ಅಡ್ಡ ನಿಂತಿದೆ ಎಂದು ಖಚಿತವಾದಾಗ ಮಾತ್ರ ಸ್ವಂತ ಕಾರ್ಖಾನೆ. ಒಂದು ವರ್ಷದ ಸುಂಕಕ್ಕೆ ಹೆದರಿ ಇಪ್ಪತ್ತು ವರ್ಷದ ಕಾರ್ಖಾನೆ ಕಟ್ಟಬಾರದು. ಕೊಳ್ಳುವುದಾದರೆ ಹೆಸರನ್ನು ಕೊಳ್ಳಿರಿ, ಮತ್ತು ಆ ಖರೀದಿ ಪೂರ್ತಿ ಮುಳುಗಿದರೂ ಇಲ್ಲಿನ ಕಾರ್ಖಾನೆಯ ಸಂಬಳ ನಿಲ್ಲದಷ್ಟು ಹಣದಲ್ಲಿ ಮಾತ್ರ.

ಪೀಣ್ಯದವರ ವಿಷಯಕ್ಕೆ ಬಂದರೆ, ನಾವು ಅವರ ಮೂರು ವರ್ಷಗಳ ಇನ್‌ವಾಯ್ಸ್‌ಗಳನ್ನು ಹರವಿಕೊಂಡು ಕುಳಿತೆವು. ಗಿರಾಕಿ ತುರ್ತಾಗಿ ಕೇಳುತ್ತಿದ್ದುದು ಹತ್ತೊಂಬತ್ತು ಬಗೆಯ ಬಿಡಿಭಾಗಗಳಲ್ಲಿ ನಾಲ್ಕನ್ನು ಮಾತ್ರ ಎಂದು ಅದರಿಂದ ತಿಳಿಯಿತು. ನಾಲ್ಕು ಬಗೆಯ ಭಾಗಗಳಿಗಾಗಿ ಕಂಪನಿ ತೆರೆಯುವ ಅಗತ್ಯವಿರಲಿಲ್ಲ. ಬ್ಯಾಂಕಿನ ಅನುಮತಿ ಪಡೆದು, ಗಿರಾಕಿಯ ಊರಿನ ಹತ್ತಿರ ಬಾಡಿಗೆ ಗೋದಾಮಿನಲ್ಲಿ ಆ ನಾಲ್ಕರ ಎರಡು ತಿಂಗಳ ದಾಸ್ತಾನು ಇಡುವುದೆಂದು ತೀರ್ಮಾನವಾಯಿತು. ಅಲ್ಲಿನ ಕಸ್ಟಮ್ಸ್ ಮತ್ತು ವ್ಯಾಟ್ ಕೆಲಸವನ್ನು ಅಲ್ಲಿಯ ಪ್ರತಿನಿಧಿ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ಬೇಡವೆನಿಸಿದರೆ ಮೂರು ತಿಂಗಳ ಮುನ್ಸೂಚನೆ ಕೊಟ್ಟು ಗೋದಾಮು ಬಿಡಬಹುದು. ಒಪ್ಪಂದದಲ್ಲಿ ಮಾಲೀಕರು ತಾವಾಗಿಯೇ ಒಂದು ಸಾಲು ಸೇರಿಸಿದರು: ಪೆಟ್ಟಿಗೆ ತೆರೆದ ಪ್ರತಿ ಸಲವೂ ಯಾವ ಭಾಗ, ಎಷ್ಟು, ಯಾವ ಯಂತ್ರಕ್ಕೆ ಎಂಬ ವಿವರವನ್ನು ಗಿರಾಕಿಯ ಸ್ಟೋರಿನವರು ಗೋದಾಮಿಗಲ್ಲದೆ ನೇರವಾಗಿ ಪೀಣ್ಯಕ್ಕೂ ಕಳಿಸಬೇಕು.